ನಾವು ಆಯ್ದುಕೊಳ್ಳುತ್ತೇವೆಯೋ, ನಕ್ಷೆಯೇ ಆಯ್ದುಕೊಡುತ್ತದೆಯೋ?

(ಕಟ್ಟಡದ ನಕ್ಷೆ ನಮ್ಮ ನಡವಳಿಕೆಯನ್ನು ಎಷ್ಟು ರೂಪಿಸುತ್ತದೆ ಎಂಬ ಬಗ್ಗೆ, ಅಡ್ಡಹೆಸರುಗಳಲ್ಲಿ ಬರೆಯುವವರ ನಡುವಿನ ಚರ್ಚೆ.)

ಹೊಸ್ತಿಲು:

ಕಟ್ಟಡವೊಂದರ ಮುಂಬಾಗಿಲು ದಾಟಿದೊಡನೆ ಲಿಫ್ಟ್ ಎದುರಿಗೇ ಇದ್ದು, ಮೆಟ್ಟಿಲು ಭಾರವಾದ ಬಾಗಿಲೊಂದರ ಹಿಂದೆ ಮಬ್ಬುಗತ್ತಲಲ್ಲಿ ಅಡಗಿದ್ದರೆ, ಮೊದಲ ಮಹಡಿಗೆ ಹೋಗುವವರೂ ಗುಂಡಿ ಒತ್ತಿ ಕಾಯುತ್ತ ನಿಲ್ಲುತ್ತಾರೆ. ನಾವು ಅದಕ್ಕೆ ಸೋಮಾರಿತನವೆಂದು ಹೆಸರಿಡುತ್ತೇವೆ. ಅದೇ ಮೆಟ್ಟಿಲು ಅಗಲವಾಗಿ, ಬೆಳಕು ಬೀಳುವಂತೆ, ಲಿಫ್ಟಿಗಿಂತ ಮೊದಲು ಕಣ್ಣಿಗೆ ಬೀಳುವಂತಿದ್ದರೆ ಅವರಲ್ಲಿ ಹಲವರು ಯೋಚಿಸದೆಯೇ ಹತ್ತಿಕೊಂಡು ಹೋಗಿರುತ್ತಿದ್ದರು. ಕಟ್ಟಡ ಯಾರಿಗೂ ಅಪ್ಪಣೆ ಕೊಡುವುದಿಲ್ಲ, ಆದರೆ ಒಂದು ಆಯ್ಕೆಗೆ ತಗಲುವ ಶ್ರಮವನ್ನು ಕಡಿಮೆ ಮಾಡಿ ಇನ್ನೊಂದರದನ್ನು ಹೆಚ್ಚಿಸುತ್ತದೆ. ದಿನಕ್ಕೆ ಹತ್ತಾರು ಬಾರಿ, ವರ್ಷಗಟ್ಟಲೆ ಹೀಗೆ ಮಾಡುತ್ತ ಹೋಗುವುದರಿಂದ ಅದು ಕೊನೆಗೆ ನಮ್ಮದೇ ಅಭ್ಯಾಸವೆಂಬಂತೆ ಕಾಣತೊಡಗುತ್ತದೆ ಎಂಬುದು ನನ್ನ ವಾದ.

ಇದನ್ನು ಚೆನ್ನಾಗಿ ಅರಿತಿದ್ದ ರಾಜಕಾರಣಿಯೊಬ್ಬರೆಂದರೆ ಬ್ರಿಟನ್ನಿನ ವಿನ್‌ಸ್ಟನ್ ಚರ್ಚಿಲ್. 1941ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನ ಸಭಾಂಗಣ ನಾಶವಾದ ಮೇಲೆ, ಅದನ್ನು ಹೇಗೆ ಮತ್ತೆ ಕಟ್ಟಬೇಕೆಂಬ ಚರ್ಚೆ 1943ರ ಅಕ್ಟೋಬರ್ 28ರಂದು ನಡೆಯಿತು. ಅರ್ಧವೃತ್ತಾಕಾರದ ಸಭಾಂಗಣ ಬೇಡ, ಎರಡು ಪಕ್ಷಗಳು ಎದುರುಬದುರಾಗಿ ಕೂರುವ ಹಳೆಯ ಆಯತಾಕಾರವೇ ಇರಲಿ ಎಂದು ಅವರು ಪಟ್ಟು ಹಿಡಿದರು. ಅರ್ಧವೃತ್ತದಲ್ಲಿ ಸದಸ್ಯನೊಬ್ಬ ಒಂದು ಬದಿಯಿಂದ ಇನ್ನೊಂದು ಬದಿಗೆ ಸ್ವಲ್ಪ ಸ್ವಲ್ಪವಾಗಿ ಸರಿದುಬಿಡಬಹುದು, ಆದರೆ ಎದುರುಬದುರು ಸಾಲುಗಳಿದ್ದಾಗ ಪಕ್ಷಾಂತರವೆಂದರೆ ಎಲ್ಲರ ಕಣ್ಣೆದುರು ನಡುನೆಲವನ್ನು ದಾಟುವುದು ಎಂಬುದು ಅವರ ತರ್ಕ. ಸಭಾಂಗಣವು ಎಲ್ಲ ಸದಸ್ಯರಿಗೂ ಸಾಲುವಷ್ಟು ದೊಡ್ಡದಾಗಿರಬಾರದು, ಇಲ್ಲವಾದರೆ ಸಾಮಾನ್ಯ ದಿನಗಳಲ್ಲಿ ಖಾಲಿ ಬೆಂಚುಗಳಿಗೆ ಭಾಷಣ ಮಾಡಬೇಕಾಗುತ್ತದೆ ಎಂದೂ ಅವರು ವಾದಿಸಿದರು. 1950ರಲ್ಲಿ ತೆರೆದ ಆ ಸಭಾಂಗಣದಲ್ಲಿ ಇಂದಿಗೂ 650 ಸದಸ್ಯರಿಗೆ 427 ಆಸನಗಳಷ್ಟೇ ಇವೆ.

ನನ್ನ ವಾದ ಎಲ್ಲಿಯವರೆಗೆ ನಿಲ್ಲುತ್ತದೆ? ಅದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಗಳಿದ್ದರೆ ಅವನ್ನು ಮುಖ್ಯವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕೊನೆಯ ಮನೆ:

ನೀವು ಹೇಳಿದ್ದನ್ನು ಸ್ನೇಹದಂತಹ ಖಾಸಗಿ ವಿಷಯಕ್ಕೂ ಅನ್ವಯಿಸಬಹುದು. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಎಂಐಟಿ ತಾಂತ್ರಿಕ ವಿದ್ಯಾಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳ ವಸತಿಗೃಹಗಳಲ್ಲಿ ಸಾಮಾಜಿಕ ಮನೋವಿಜ್ಞಾನಿಗಳಾದ ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್ ಮತ್ತು ಕರ್ಟ್ ಬ್ಯಾಕ್ ಅವರು ನಡೆಸಿದ ಅಧ್ಯಯನ 1950ರಲ್ಲಿ ಪ್ರಕಟವಾಯಿತು. ಅಲ್ಲಿನ ಎರಡಂತಸ್ತಿನ ಕಟ್ಟಡಗಳಲ್ಲಿ ಅಂತಸ್ತಿಗೆ ಐದರಂತೆ ಮನೆಗಳಿದ್ದವು. ಯಾರಿಗೆ ಯಾವ ಮನೆ ಎಂಬುದು ಅವರ ಇಷ್ಟದಿಂದ ನಿರ್ಧಾರವಾಗಿರಲಿಲ್ಲ. ಯಾರೊಂದಿಗೆ ಹೆಚ್ಚು ಒಡನಾಟವಿದೆ ಎಂದು ಕೇಳಿದಾಗ, ಪಕ್ಕದ ಮನೆಯವರ ಹೆಸರು ಬರುವ ಸಾಧ್ಯತೆ ಶೇ. 41ರಷ್ಟಿತ್ತು, ಒಂದು ಮನೆ ಬಿಟ್ಟು ಆಚೆ ಇರುವವರದು ಶೇ. 22, ಅದೇ ಅಂತಸ್ತಿನ ಇನ್ನೊಂದು ತುದಿಯವರದು ಶೇ. 10. ಅಕ್ಕಪಕ್ಕದ ಮನೆಗಳ ಬಾಗಿಲುಗಳ ನಡುವಿನ ಅಂತರ ಆರು ಮೀಟರಿನ ಆಸುಪಾಸಿನದು, ಅಂದರೆ ಯಾರೂ ದೂರವೆಂದು ಹೇಳಲಾರದಷ್ಟು ಕಡಿಮೆ.

ನನಗೆ ಇದಕ್ಕಿಂತ ಕುತೂಹಲಕರವಾಗಿ ಕಂಡದ್ದು ಮೆಟ್ಟಿಲಿನ ಪಾತ್ರ. ಕೆಳಗಿನ ಅಂತಸ್ತಿನಲ್ಲಿ ಮೆಟ್ಟಿಲ ಬುಡಕ್ಕೆ ಅಂಟಿದಂತಿದ್ದ ಮನೆಗಳವರಿಗೆ ಮೇಲಂತಸ್ತಿನಲ್ಲಿ ಹೆಚ್ಚು ಸ್ನೇಹಿತರಿದ್ದರು. ಅವರು ಹೆಚ್ಚು ಬೆರೆಯುವ ಸ್ವಭಾವದವರಾಗಿದ್ದರೆಂದಲ್ಲ, ಮೇಲಿನವರು ದಿನವೂ ಅವರ ಬಾಗಿಲ ಮುಂದೆ ಹಾದುಹೋಗಲೇಬೇಕಾಗಿತ್ತು. ನಕ್ಷೆ ಬರೆದವರಿಗೆ ಅದು ಮೆಟ್ಟಿಲಿಗೆ ಅನುಕೂಲವಾದ ಮೂಲೆಯಾಗಿತ್ತು, ಅಷ್ಟೆ.

ಸಂದೇಹಿ:

ಈ ಬಗೆಯ ಕಥೆಗಳನ್ನು ಓದುವಾಗ ನನಗೆ ಒಂದು ಅಸಮಾಧಾನವಿದೆ. ಆ ವಿದ್ಯಾರ್ಥಿ ಕುಟುಂಬಗಳು ಒಂದೇ ವಯಸ್ಸಿನವು, ಒಂದೇ ಬಗೆಯ ಜೀವನದವು, ಎಲ್ಲವೂ ಆ ಜಾಗಕ್ಕೆ ಹೊಸವು. ಅಂಥಲ್ಲಿ ಬಾಗಿಲುಗಳ ಅಂತರವೇ ಮುಖ್ಯವಾದರೆ ಆಶ್ಚರ್ಯವೇನು? ಭಿನ್ನ ಹಿನ್ನೆಲೆಯ ಜನರನ್ನು ಅದೇ ಕಟ್ಟಡದಲ್ಲಿ ಇರಿಸಿದರೆ ಪಕ್ಕದ ಮನೆ ಎಂಬುದು ಜಗಳಕ್ಕೂ ಅಷ್ಟೇ ಹತ್ತಿರವಾಗುತ್ತದೆ.

ಇನ್ನೂ ದೊಡ್ಡ ತೊಂದರೆಯೆಂದರೆ, ವಿನ್ಯಾಸಕ್ಕೆ ಇಷ್ಟು ಶಕ್ತಿಯಿದೆ ಎಂದು ಒಪ್ಪಿಕೊಂಡ ಮರುಕ್ಷಣವೇ ಎಲ್ಲ ಸಾಮಾಜಿಕ ವೈಫಲ್ಯಗಳ ಹೊಣೆಯನ್ನು ಕಟ್ಟಡದ ತಲೆಗೆ ಕಟ್ಟುವುದು ಸುಲಭವಾಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೋ ಎಂಬ ಸರ್ಕಾರಿ ವಸತಿ ಸಮುಚ್ಚಯಕ್ಕೆ ಆದದ್ದು ಇದೇ ಅಲ್ಲವೇ?

ತೊಲೆಕಂಬ:

ಸಂದೇಹಿ ಅವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನಾನು ವೃತ್ತಿಯಿಂದ ಕಟ್ಟಡಗಳ ಎಂಜಿನಿಯರ್. ಈ ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ.

ವಾಸ್ತುಶಿಲ್ಪಿ ಮಿನೊರು ಯಮಸಾಕಿ ಅವರ ವಿನ್ಯಾಸದಂತೆ 1950ರ ದಶಕದ ಮಧ್ಯದಲ್ಲಿ ಅಲ್ಲಿ ಹನ್ನೊಂದು ಅಂತಸ್ತಿನ 33 ಕಟ್ಟಡಗಳು ಎದ್ದವು. ಲಿಫ್ಟುಗಳು ಎಲ್ಲ ಅಂತಸ್ತುಗಳಲ್ಲಿ ನಿಲ್ಲುತ್ತಿರಲಿಲ್ಲ. ನೆಲಮಟ್ಟವನ್ನು ಒಂದೆಂದು ಎಣಿಸಿದರೆ 1, 4, 7 ಮತ್ತು 10ನೆಯ ಅಂತಸ್ತುಗಳಲ್ಲಿ ಮಾತ್ರ ನಿಲ್ಲುತ್ತಿದ್ದವು. ಅಲ್ಲಿ ಇಳಿದವರು ಅಗಲವಾದ ಮೊಗಸಾಲೆಗಳ ಮೂಲಕ ನಡೆದು, ಒಂದು ಅಂತಸ್ತು ಹತ್ತಿಯೋ ಇಳಿದೋ ಮನೆ ಸೇರುವಾಗ ಪರಸ್ಪರ ಭೇಟಿಯಾಗುತ್ತಾರೆ, ಮೊಗಸಾಲೆಗಳಲ್ಲಿ ಮಕ್ಕಳು ಆಡುತ್ತಾರೆ ಎಂಬುದು ಕಲ್ಪನೆ. ನಡೆದದ್ದು ಬೇರೆ. ಯಾರ ಮನೆಗೂ ಸೇರದ ಆ ಮೊಗಸಾಲೆಗಳೂ ಮೆಟ್ಟಿಲುಗಳೂ ದರೋಡೆಯ ಭಯದ ತಾಣಗಳಾದವು. 1972ರ ಮಾರ್ಚಿನಲ್ಲಿ ಕೆಡಹುವ ಕೆಲಸ ಆರಂಭವಾಗಿ 1976ರ ಹೊತ್ತಿಗೆ ಏನೂ ಉಳಿಯಲಿಲ್ಲ. ಸಿಡಿಮದ್ದಿಗೆ ಕುಸಿಯುತ್ತಿರುವ ಕಟ್ಟಡದ ಚಿತ್ರ ಆಧುನಿಕ ವಾಸ್ತುಶಿಲ್ಪದ ಸೋಲಿನ ಸಂಕೇತವಾಗಿ ಜಗತ್ತಿನ ಎಲ್ಲೆಡೆ ಓಡಾಡಿತು.

ಆದರೆ ಚಿತ್ರದಲ್ಲಿ ಕಾಣದ ಸಂಗತಿಗಳಿವೆ. ಕಟ್ಟಡಗಳ ನಿರ್ವಹಣೆಯ ಖರ್ಚು ಬಾಡಿಗೆದಾರರ ಹಣದಿಂದಲೇ ಹುಟ್ಟಬೇಕಿತ್ತು. 1950ರಲ್ಲಿ ಸುಮಾರು 8.57 ಲಕ್ಷವಿದ್ದ ನಗರದ ಜನಸಂಖ್ಯೆ 1970ರ ಹೊತ್ತಿಗೆ ಸುಮಾರು 6.22 ಲಕ್ಷಕ್ಕೆ ಇಳಿದಿತ್ತು. ಬಿಳಿಯರು ಉಪನಗರಗಳಿಗೆ ಹೋದರು, ಕೆಲಸಗಳೂ ಅವರ ಹಿಂದೆ ಹೋದವು, ಉಳಿದವರು ಬಹುಪಾಲು ಬಡ ಕಪ್ಪು ಜನ. ಮನೆಗಳು ಖಾಲಿಯಾದಂತೆ ಬಾಡಿಗೆ ಕಡಿಮೆಯಾಯಿತು, ಬಾಡಿಗೆ ಕಡಿಮೆಯಾದಂತೆ ದುರಸ್ತಿ ನಿಂತಿತು, ದುರಸ್ತಿ ನಿಂತದ್ದರಿಂದ ಇನ್ನಷ್ಟು ಮನೆಗಳು ಖಾಲಿಯಾದವು. ಕೆಟ್ಟ ಲಿಫ್ಟನ್ನೂ ಒಡೆದ ದೀಪವನ್ನೂ ಸರಿಪಡಿಸಲು ಹಣವಿಲ್ಲದ ಕಡೆ ಯಾವ ನಕ್ಷೆಯೂ ಉಳಿಯುವುದಿಲ್ಲ.

ಈಗ ಇದಕ್ಕೆ ಎದುರಾಗಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಕಾಲೇಜಿನ ಕಟ್ಟಡವನ್ನು ಇಟ್ಟು ನೋಡಿ. 2009ರಲ್ಲಿ ಪೂರ್ಣವಾದ ಆ ಒಂಬತ್ತು ಅಂತಸ್ತಿನ ಕಟ್ಟಡದಲ್ಲೂ ಮುಖ್ಯ ಲಿಫ್ಟುಗಳು 1, 5 ಮತ್ತು 8ನೆಯ ಅಂತಸ್ತುಗಳಲ್ಲಿ ಮಾತ್ರ ನಿಲ್ಲುತ್ತವೆ, ಉದ್ದೇಶವೂ ಅದೇ: ಜನ ಮೆಟ್ಟಿಲು ಬಳಸಲಿ, ದಾರಿಯಲ್ಲಿ ಭೇಟಿಯಾಗಲಿ. ಅಲ್ಲಿ ಅದು ನಡುವಿನ ವಿಶಾಲ ಮೆಟ್ಟಿಲ ಸುತ್ತ ವಿದ್ಯಾರ್ಥಿಗಳ ಓಡಾಟವಿರುವ ಕಟ್ಟಡ. ಕಾವಲಿದೆ, ಬೆಳಕಿದೆ, ಕೆಟ್ಟದ್ದನ್ನು ಸರಿಪಡಿಸಲು ಸಿಬ್ಬಂದಿಯಿದ್ದಾರೆ. ಒಂದೇ ಉಪಾಯ ಒಂದು ಕಡೆ ಭಯ ಹುಟ್ಟಿಸಿತು, ಇನ್ನೊಂದು ಕಡೆ ಸಂವಾದಕ್ಕೆ ದಾರಿ ಮಾಡಿತು. ಹಾಗಾಗಿ ಹೊಸ್ತಿಲು ಅವರ ವಾದಕ್ಕೆ ನಾನು ಒಂದು ತಿದ್ದುಪಡಿ ಸೂಚಿಸುತ್ತೇನೆ: ಶ್ರಮದ ಲೆಕ್ಕವನ್ನು ನಕ್ಷೆ ಒಂದೇ ಬರೆಯುವುದಿಲ್ಲ, ನಿರ್ವಹಣೆಯ ಹಣವೂ ಜೊತೆಗೆ ಕುಳಿತು ಬರೆಯುತ್ತದೆ.

ನಿಧಾನಗಾಲಿ:

ಗಾಲಿಕುರ್ಚಿ ಬಳಸುವವನಾಗಿ ನಾನು ಈ ಚರ್ಚೆಯ ಮೊದಲ ಸಾಲಿಗೇ ಆಕ್ಷೇಪ ಎತ್ತಬೇಕಾಗಿದೆ. ಮೆಟ್ಟಿಲನ್ನು ಎದುರಿಗಿಟ್ಟು ಲಿಫ್ಟನ್ನು ಮರೆಮಾಡಿದರೆ ಜನ ಆರೋಗ್ಯವಂತರಾಗುತ್ತಾರೆ ಎನ್ನುವಾಗ, ಆ ಜನರೊಳಗೆ ನಾನಿಲ್ಲ. ತೊಲೆಕಂಬ ಅವರು ಹೇಳಿದ ಕೂಪರ್ ಯೂನಿಯನ್ ಕಟ್ಟಡದಲ್ಲಿ ಎಲ್ಲ ಅಂತಸ್ತುಗಳಲ್ಲೂ ನಿಲ್ಲುವ ಪ್ರತ್ಯೇಕ ಲಿಫ್ಟಿನ ಏರ್ಪಾಡಿದೆ ಎಂಬುದನ್ನು ಸೇರಿಸದೆ ಆ ಉದಾಹರಣೆ ಪೂರ್ಣವಾಗುವುದಿಲ್ಲ. ಬೇರೆಯವರಿಗೆ ಸ್ವಲ್ಪ ಹೆಚ್ಚಿನ ಶ್ರಮವಾದದ್ದು ನನಗೆ ಮುಚ್ಚಿದ ಬಾಗಿಲಾಗುತ್ತದೆ. ಹೊಸ್ತಿಲು ಅವರೇ, ನಿಮ್ಮ ಹೆಸರಿನಲ್ಲೇ ನನ್ನ ದಿನನಿತ್ಯದ ಎದುರಾಳಿಯಿದ್ದಾನೆ ಎಂದು ತಮಾಷೆಗೆ ಹೇಳುತ್ತೇನೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪಾದಚಾರಿ ಮಾರ್ಗ ರಸ್ತೆಗೆ ಇಳಿಯುವ ಜಾಗದಲ್ಲಿ ಅಂಚನ್ನು ಕತ್ತರಿಸಿ ಇಳಿಜಾರು ಮಾಡಿದ್ದು ನಮ್ಮಂಥವರ ಹೋರಾಟದಿಂದ. ಅಮೆರಿಕದ ಬರ್ಕ್‌ಲಿಯಲ್ಲಿ 1970ರ ದಶಕದ ಆರಂಭದಲ್ಲಿ ಅದು ಒಂದು ಚಳವಳಿಯೇ ಆಗಿತ್ತು. ಇಂದು ಆ ಇಳಿಜಾರನ್ನು ಮಗುವಿನ ಗಾಡಿ ತಳ್ಳುವವರು, ಸಾಮಾನು ಸಾಗಿಸುವವರು, ಗಾಲಿಯ ಪೆಟ್ಟಿಗೆ ಎಳೆಯುವವರು ಎಲ್ಲರೂ ಬಳಸುತ್ತಾರೆ. ಹಾಗೆಯೇ ದೃಷ್ಟಿ ಇಲ್ಲದವರು ಪಾದದಿಂದ ಓದುವ ಉಬ್ಬುಗಳುಳ್ಳ ಹಾಸುಗಲ್ಲನ್ನು ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ರೂಪಿಸಿದರು, 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯ ಸಮೀಪ ಅದನ್ನು ಮೊದಲು ಹಾಸಲಾಯಿತು. ಆದರೆ ಆ ಹಾಸುಗಲ್ಲಿನ ಮೇಲೆಯೇ ವಾಹನ ನಿಲ್ಲಿಸಿದರೆ ಅದು ಬರಿಯ ಅಲಂಕಾರ. ಇಲ್ಲಿ ನಿರ್ವಹಣೆಯ ಬಗ್ಗೆ ತೊಲೆಕಂಬ ಅವರು ಹೇಳಿದ್ದು ನೂರಕ್ಕೆ ನೂರು ನಿಜ.

ಅಡ್ಡಗೋಡೆ:

ಕಚೇರಿಗಳ ವಿಷಯವನ್ನು ಇನ್ನೂ ಯಾರೂ ಎತ್ತಿಲ್ಲ. ಗೋಡೆಗಳನ್ನು ತೆಗೆದರೆ ಜನ ಪರಸ್ಪರ ಹೆಚ್ಚು ಮಾತನಾಡುತ್ತಾರೆ ಎಂಬ ನಂಬಿಕೆಯ ಮೇಲೆ ಜಗತ್ತಿನಾದ್ಯಂತ ತೆರೆದ ಕಚೇರಿಗಳು ಬಂದವು. ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಎಂಬ ಸಂಶೋಧಕರು ಎರಡು ದೊಡ್ಡ ಸಂಸ್ಥೆಗಳಲ್ಲಿ ಉದ್ಯೋಗಿಗಳಿಗೆ ಸಂವೇದಕಗಳುಳ್ಳ ಬ್ಯಾಡ್ಜುಗಳನ್ನು ತೊಡಿಸಿ, ಗೋಡೆಗಳು ಹೋಗುವ ಮೊದಲಿನ ಮತ್ತು ನಂತರದ ಮುಖಾಮುಖಿ ಮಾತುಕತೆಯನ್ನು ಅಳೆದರು. 2018ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ ಮುಖಾಮುಖಿ ಒಡನಾಟ ಸುಮಾರು ಶೇ. 70ರಷ್ಟು ಕುಸಿದಿತ್ತು, ಇಮೇಲ್ ಹೆಚ್ಚಾಗಿತ್ತು. ಗೋಡೆ ತೆಗೆದುಹಾಕಿದಾಗ ಜನ ಕಿವಿಗೆ ಹೆಡ್‌ಫೋನ್ ಹಾಕಿ, ಪರದೆಯತ್ತ ಮುಖಮಾಡಿ, ತಮ್ಮ ಸುತ್ತ ತಾವೇ ಗೋಡೆ ಕಟ್ಟಿಕೊಳ್ಳುತ್ತಾರೆ. ಎಲ್ಲರಿಗೂ ಕೇಳಿಸುವ ಜಾಗದಲ್ಲಿ ಯಾರು ತಾನೇ ಮನಸ್ಸು ಬಿಚ್ಚಿ ಮಾತನಾಡುತ್ತಾರೆ?

ಇದರಿಂದ ವಿನ್ಯಾಸಕ್ಕೆ ಪರಿಣಾಮವಿಲ್ಲ ಎಂದು ಸಾಬೀತಾಗುವುದಿಲ್ಲ. ಪರಿಣಾಮ ದೊಡ್ಡದೇ ಇತ್ತು, ಆದರೆ ಬಯಸಿದ್ದಕ್ಕೆ ತದ್ವಿರುದ್ಧವಾಗಿತ್ತು. ಅಂದಹಾಗೆ, ಚದರಡಿಯ ಲೆಕ್ಕದಲ್ಲಿ ತೆರೆದ ಕಚೇರಿ ಅಗ್ಗ ಎಂಬ ಕಾರಣವನ್ನು ಒಡನಾಟದ ಹೆಸರಿನಲ್ಲಿ ಮುಚ್ಚಿಡಲಾಗುತ್ತದೆಂಬ ಅನುಮಾನ ನನ್ನದು.

ಒಲೆಯ ಪಕ್ಕ:

ಶ್ರಮವನ್ನು ಕಡಿಮೆ ಮಾಡುವುದು ಯಾವಾಗಲೂ ಒಳ್ಳೆಯದೇ ಎಂಬ ಊಹೆ ಈ ಚರ್ಚೆಯ ತಳದಲ್ಲಿ ಓಡುತ್ತಿದೆ. ಅದನ್ನು ಪರೀಕ್ಷಿಸಲು ಅಡುಗೆಮನೆಗಿಂತ ಒಳ್ಳೆಯ ಜಾಗವಿಲ್ಲ.

1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಅವರು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಒಂದು ಅಡುಗೆಮನೆಯನ್ನು ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ರೈಲಿನ ಊಟದ ಬೋಗಿಯಲ್ಲಿ ಸಣ್ಣ ಜಾಗದೊಳಗೆ ಹೇಗೆ ಅಡುಗೆ ನಡೆಯುತ್ತದೆ ಎಂಬುದು ಅವರಿಗೆ ಮಾದರಿ. ಕೆಲಸದ ಪ್ರತಿಯೊಂದು ಹೆಜ್ಜೆಯನ್ನೂ ಲೆಕ್ಕಹಾಕಿ, ತೊಳೆಯುವ ತೊಟ್ಟಿ, ಕತ್ತರಿಸುವ ಕಟ್ಟೆ, ಒಲೆ ಎಲ್ಲವೂ ಕೈಗೆಟಕುವಂತೆ ಜೋಡಿಸಲಾಯಿತು. ದಿನಸಿಗೆ ಹೆಸರು ಬರೆದ ಅಲ್ಯುಮಿನಿಯಂ ಡಬ್ಬಿಗಳ ಸಾಲೇ ಇತ್ತು. ಸುಮಾರು 10,000 ಮನೆಗಳಲ್ಲಿ ಈ ಅಡುಗೆಮನೆ ಬಂದಿತು, ಇಂದಿನ ಜೋಡಣೆಯ ಅಡುಗೆಮನೆಗಳಿಗೆಲ್ಲ ಇದೇ ಮೂಲ. ಮಹಿಳೆಯರ ಸಮಯ ಉಳಿಯಬೇಕು, ಅವರು ಹೊರಗೆ ದುಡಿಯಲೂ ಓದಲೂ ಆಗಬೇಕು ಎಂಬುದು ಅವರ ಉದ್ದೇಶವಾಗಿತ್ತು ಎಂಬುದನ್ನು ಮರೆಯಬಾರದು.

ಆದರೆ ಆ ಅಡುಗೆಮನೆಯೊಳಗೆ ಇಬ್ಬರು ಒಟ್ಟಿಗೆ ನಿಂತು ಕೆಲಸ ಮಾಡುವಂತಿರಲಿಲ್ಲ. ಅಲ್ಲೇ ಕೂತು ಉಣ್ಣಲು ಜಾಗವಿರಲಿಲ್ಲ, ಮಕ್ಕಳನ್ನು ಕಣ್ಣಳತೆಯಲ್ಲಿಟ್ಟುಕೊಳ್ಳಲು ಜಾರುಬಾಗಿಲನ್ನು ತೆರೆದಿಡಬೇಕಿತ್ತು. ಮುಂದಿನ ತಲೆಮಾರಿನ ಸ್ತ್ರೀವಾದಿಗಳು ಆಕ್ಷೇಪಿಸಿದ್ದು ಇದನ್ನೇ: ಕೆಲಸ ವೇಗವಾಯಿತು, ಆದರೆ ಅದು ಒಬ್ಬಳದೇ ಕೆಲಸ ಎಂಬುದು ಗೋಡೆಯಲ್ಲೇ ಬರೆದಂತಾಯಿತು. ಗಂಡನಿಗೆ ಕೈಜೋಡಿಸುವ ಮನಸ್ಸಿದ್ದರೂ ನಿಲ್ಲಲು ಜಾಗವಿಲ್ಲ. ಅದನ್ನು ರೂಪಿಸುವ ಮೊದಲು ತಾನು ಸಂಸಾರ ನಡೆಸಿದವಳೂ ಅಲ್ಲ, ಅಡುಗೆ ಮಾಡಿದವಳೂ ಅಲ್ಲ ಎಂದು ಶ್ಯುಟ್ಟೆ-ಲಿಹೋಟ್ಸ್ಕಿ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಒಳ್ಳೆಯ ಉದ್ದೇಶ, ನಿಖರವಾದ ಅಳತೆ ಎರಡೂ ಇದ್ದು, ಯಾರು ಯಾರೊಂದಿಗೆ ಅಡುಗೆ ಮಾಡುತ್ತಾರೆ ಎಂಬ ಪ್ರಶ್ನೆ ಮಾತ್ರ ಬಿಟ್ಟುಹೋಯಿತು.

ಕೊನೆಯ ಮನೆ:

ಇವೆಲ್ಲ ಉದ್ದೇಶಿಸದೆ ಆದ ಪರಿಣಾಮಗಳು. ಉದ್ದೇಶಪೂರ್ವಕವಾಗಿ ಜನರನ್ನು ದೂರವಿಡುವ ವಿನ್ಯಾಸಗಳೂ ಇವೆ. ಲಂಡನ್ನಿನ ಕ್ಯಾಮ್ಡೆನ್ ಆಡಳಿತಕ್ಕಾಗಿ 2012ರಲ್ಲಿ ತಯಾರಾದ ಕಾಂಕ್ರೀಟ್ ಬೆಂಚಿನ ಮೇಲ್ಮೈಯನ್ನು ಯಾರೂ ಮಲಗಲಾಗದಂತೆ ಓರೆಕೋರೆಯಾಗಿ ಮಾಡಲಾಗಿತ್ತು. ನ್ಯೂಯಾರ್ಕಿನಲ್ಲಿ ರಸ್ತೆ, ಉದ್ಯಾನಗಳನ್ನು ಕಟ್ಟಿಸುವ ಅಧಿಕಾರಿಯಾಗಿದ್ದ ರಾಬರ್ಟ್ ಮೋಸೆಸ್ ಅವರು ಬಡವರು ಬಸ್ಸಿನಲ್ಲಿ ಕಡಲತೀರಕ್ಕೆ ಬಾರದಂತೆ ಲಾಂಗ್ ಐಲೆಂಡ್ ರಸ್ತೆಗಳ ಮೇಲಿನ ಸೇತುವೆಗಳನ್ನು ತಗ್ಗಾಗಿ ಕಟ್ಟಿಸಿದರೆಂಬ ಮಾತೂ ಪ್ರಸಿದ್ಧವಾಗಿದೆ.

ಸಂದೇಹಿ:

ಬೆಂಚಿನ ಮಾತು ಒಪ್ಪುತ್ತೇನೆ. ಸೇತುವೆಯ ಕಥೆ ಅಷ್ಟು ಸರಳವಲ್ಲ. ಉದ್ಯಾನದಂತೆ ರೂಪಿಸಿದ ಆ ರಸ್ತೆಗಳಲ್ಲಿ ಬಸ್ಸು ಮತ್ತು ಸರಕು ವಾಹನಗಳಿಗೆ ನಿಯಮದ ಪ್ರಕಾರವೇ ಪ್ರವೇಶವಿರಲಿಲ್ಲ. ಸೇತುವೆ ಎತ್ತರವಾಗಿದ್ದರೂ ಬಸ್ಸು ಹೋಗುವಂತಿರಲಿಲ್ಲ. ಕಲ್ಲಿನಲ್ಲಿ ಕಟ್ಟಿದ ದುರುದ್ದೇಶ ಎಂಬುದು ಕೇಳಲು ರೋಚಕವಾದ್ದರಿಂದ ಅದು ಪುಸ್ತಕದಿಂದ ಪುಸ್ತಕಕ್ಕೆ ಹಾರುತ್ತದೆ, ಕಾಗದದಲ್ಲಿರುವ ನಿಯಮ ಯಾರ ಕಣ್ಣಿಗೂ ಬೀಳುವುದಿಲ್ಲ. ಕಟ್ಟಡಕ್ಕಿಂತ ಮೊದಲು ಕಟ್ಟಡದ ಹಿಂದಿರುವ ನಿಯಮವನ್ನು ನೋಡಬೇಕು ಎಂಬುದಕ್ಕೆ ಇನ್ನೊಂದು ಸಾಕ್ಷ್ಯ ಕೊಡುತ್ತೇನೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಸಂಖ್ಯೆಯ ಮೇಲೆ ತೆರಿಗೆಯಿತ್ತು. ಮನೆಯ ಮಾಲೀಕರು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿದರು, ಬಾಡಿಗೆದಾರರು ಕತ್ತಲೆ ಕೋಣೆಗಳಲ್ಲಿ ಉಸಿರಾಡಿದರು. ಅದರಲ್ಲಿ ವಾಸ್ತುಶಿಲ್ಪಿಯ ಪಾತ್ರವೇ ಇರಲಿಲ್ಲ.

ಹೊಸ್ತಿಲು:

ಕಿಟಕಿಯ ಮಾತು ಬಂದದ್ದರಿಂದ ಒಂದನ್ನು ಸೇರಿಸುತ್ತೇನೆ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಕ್ 1984ರಲ್ಲಿ ಹೋಲಿಸಿ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರು 8.70 ದಿನಗಳಲ್ಲಿ, ಮೊದಲಿನವರಿಗೆ ತೀವ್ರವಾದ ನೋವುನಿವಾರಕಗಳೂ ಕಡಿಮೆ ಬೇಕಾದವು. ಸಣ್ಣ ಅಧ್ಯಯನ, ಅದರಿಂದ ಎಲ್ಲವನ್ನೂ ತೀರ್ಮಾನಿಸುವಂತಿಲ್ಲ. ಆದರೆ ರೋಗಿ ಅಲ್ಲಿ ಏನನ್ನೂ ಆಯ್ದುಕೊಂಡಿರಲಿಲ್ಲ ಎಂಬುದನ್ನು ಗಮನಿಸಿ. ನಾನು ಆಯ್ಕೆಯ ಬಗ್ಗೆ ಬರೆದೆ, ಆದರೆ ಹಾಸಿಗೆಯಲ್ಲಿ ಮಲಗಿದವರಿಗೆ ಆಯ್ಕೆಯೇ ಇಲ್ಲ, ಪರಿಣಾಮ ಮಾತ್ರ ಇದೆ.

ಅಗಳಿ:

ಆಯ್ಕೆಗೆ ಸಮಯವೇ ಇಲ್ಲದ ಸಂದರ್ಭ ಇನ್ನೊಂದಿದೆ. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಪಟ್ಟಣದ ವಿಕ್ಟೋರಿಯಾ ಹಾಲಿನಲ್ಲಿ ಮಕ್ಕಳ ಪ್ರದರ್ಶನ ಮುಗಿದಾಗ, ವೇದಿಕೆಯ ಬಳಿ ಬಹುಮಾನ ಹಂಚುತ್ತಾರೆಂದು ಮೇಲಿನ ಗ್ಯಾಲರಿಯ ಮಕ್ಕಳು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಮೆಟ್ಟಿಲಿನತ್ತ ಒಳಮುಖವಾಗಿ ತೆರೆಯುವಂಥದ್ದು. ಟಿಕೆಟ್ ಪರೀಕ್ಷಿಸಲು ಅನುಕೂಲವಾಗಲೆಂದು ಒಮ್ಮೆಗೆ ಒಂದು ಮಗು ಮಾತ್ರ ನುಸುಳುವಷ್ಟು ಸಂದು ಬಿಟ್ಟು ಅದಕ್ಕೆ ಅಗಳಿ ಹಾಕಲಾಗಿತ್ತು. 183 ಮಕ್ಕಳು ಆ ಬಾಗಿಲ ಹಿಂದೆ ಉಸಿರುಗಟ್ಟಿ ಸತ್ತರು. 1903ರ ಡಿಸೆಂಬರ್ 30ರಂದು ಶಿಕಾಗೋದ ಇರೊಕ್ವಾ ನಾಟಕಮಂದಿರದ ಬೆಂಕಿಯಲ್ಲಿ 600ಕ್ಕೂ ಹೆಚ್ಚು ಜನ ಸತ್ತಾಗಲೂ ಪರದೆಯ ಹಿಂದೆ ಅಡಗಿದ ಬಾಗಿಲುಗಳು, ಜನರಿಗೆ ತೆರೆಯಲು ತಿಳಿಯದ ವಿಚಿತ್ರ ಚಿಲಕಗಳು ಸಾವಿನ ಕಾರಣಗಳಲ್ಲಿ ಸೇರಿದ್ದವು.

ಇವುಗಳಿಂದ ಬಂದದ್ದೇ ಹೊರಮುಖವಾಗಿ ತೆರೆಯುವ ನಿರ್ಗಮನ ಬಾಗಿಲು ಮತ್ತು ಅದರ ಮೇಲಿನ ಅಡ್ಡಪಟ್ಟಿ. ಹಿಂದಿನಿಂದ ತಳ್ಳುವ ಗುಂಪಿನ ಭಾರ ಒಳಮುಖ ಬಾಗಿಲನ್ನು ಮುಚ್ಚಿಹಾಕುತ್ತದೆ, ಅದೇ ಭಾರ ಅಡ್ಡಪಟ್ಟಿಯನ್ನು ಒತ್ತಿ ಹೊರಮುಖ ಬಾಗಿಲನ್ನು ತೆರೆಯುತ್ತದೆ. ಅದನ್ನು ಬಳಸಲು ಓದಬೇಕಿಲ್ಲ, ಕತ್ತಲಲ್ಲಿ ಹುಡುಕಬೇಕಿಲ್ಲ, ಬಿದ್ದರೂ ಸಾಕು. ಜನ ಶಾಂತವಾಗಿ ನಡೆದುಕೊಳ್ಳಲಿ ಎಂದು ಬೋಧಿಸುವ ಬದಲು ಗಾಬರಿಗೊಂಡ ಜನರೇ ಬಂದಾರು ಎಂದು ಭಾವಿಸಿ ಮಾಡಿದ ವಿನ್ಯಾಸ ಅದು, ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಬಂದ ಎಲ್ಲದರಲ್ಲಿ ಅತ್ಯುತ್ತಮವಾದದ್ದು.

ಒಲೆಯ ಪಕ್ಕ:

ಅಗಳಿ ಅವರ ಉದಾಹರಣೆಯಲ್ಲಿ ಎಲ್ಲರಿಗೂ ಬೇಕಾದದ್ದು ಒಂದೇ: ಹೊರಗೆ ಬರುವುದು. ಮನೆಯ ವಿಷಯದಲ್ಲಿ ಹಾಗಿಲ್ಲ, ಯಾರಿಗೆ ಏನು ಬೇಕಾದೀತೆಂದು ಮುಂಚೆಯೇ ಹೇಳಲಾಗದು. ಅಲ್ಲಿ ನಿವಾಸಿಯೇ ಬದಲಾಯಿಸಿಕೊಳ್ಳಲು ಜಾಗ ಬಿಡುವ ದಾರಿಯೂ ಇದೆಯಲ್ಲವೇ?

ಹೊಸ್ತಿಲು:

ಇದೆ. ಚಿಲಿ ದೇಶದ ಇಕಿಕೆ ನಗರದಲ್ಲಿ ವಾಸ್ತುಶಿಲ್ಪಿ ಅಲೆಹಾಂಡ್ರೊ ಅರವೇನಾ ಅವರ ತಂಡ 2004ರ ಸುಮಾರಿಗೆ 93 ಕುಟುಂಬಗಳಿಗೆ ಅರ್ಧ ಮನೆಗಳನ್ನು ಕಟ್ಟಿಕೊಟ್ಟಿತು. ಸರ್ಕಾರದ ಸಹಾಯಧನದಲ್ಲಿ ಪೂರ್ಣ ಮನೆ ಬರುವಂತಿರಲಿಲ್ಲ. ಸಣ್ಣದಾದ ಇಡೀ ಮನೆಯ ಬದಲು ಒಳ್ಳೆಯ ಮನೆಯ ಅರ್ಧವನ್ನು ಕಟ್ಟೋಣವೆಂದು ಅವರು ನಿರ್ಧರಿಸಿ, ಕುಟುಂಬಗಳು ತಾವಾಗಿ ಮಾಡಿಕೊಳ್ಳಲು ಕಷ್ಟವಾದ ಚೌಕಟ್ಟು, ಮೆಟ್ಟಿಲು, ಅಡುಗೆಮನೆ, ಬಚ್ಚಲುಗಳನ್ನು ಮಾಡಿ, ಪಕ್ಕದ ಜಾಗವನ್ನು ಖಾಲಿ ಬಿಟ್ಟರು. ಕುಟುಂಬಗಳು ಕೈಯಲ್ಲಿ ಹಣ ಬಂದ ಹಾಗೆ ಅದನ್ನು ತುಂಬಿಕೊಂಡವು, ಪ್ರತಿಯೊಂದೂ ಬೇರೆ ಬೇರೆ ಬಗೆಯಲ್ಲಿ.

ಸಂದೇಹಿ:

ಅದನ್ನು ಹೊಗಳುವಾಗ ಇನ್ನರ್ಧದ ಖರ್ಚು ಬಡವರ ಮೇಲೆಯೇ ಬಿದ್ದಿತು ಎಂಬುದನ್ನೂ ನೆನಪಿಡೋಣ. ಅದಿರಲಿ, ತೊಲೆಕಂಬ ಅವರಿಗೆ ಒಂದು ಪ್ರಾಯೋಗಿಕ ಪ್ರಶ್ನೆ. ಬೆಂಕಿ ಮತ್ತು ಹೊಗೆಯನ್ನು ತಡೆಯಲು ಮೆಟ್ಟಿಲ ಬಳಿ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಕಡ್ಡಾಯವಾಗಿರುವ ಕಡೆಯಲ್ಲೂ ಜನ ಅದಕ್ಕೆ ಮರದ ತುಂಡೋ ಕುರ್ಚಿಯೋ ಅಡ್ಡ ಇಟ್ಟು ಸದಾ ತೆರೆದಿಡುತ್ತಾರೆ. ಅಲ್ಲಿ ವಿನ್ಯಾಸ ಗೆದ್ದಿತೋ, ಜನ ಗೆದ್ದರೋ?

ತೊಲೆಕಂಬ:

ಭಾರವಾದ ಬಾಗಿಲನ್ನು ಸಾಮಾನು ಹಿಡಿದುಕೊಂಡು ದಿನಕ್ಕೆ ಇಪ್ಪತ್ತು ಬಾರಿ ತೆರೆಯಬೇಕಾದವರು ಮರದ ತುಂಡು ಇಡುವುದು ಸಹಜ, ಎಚ್ಚರಿಕೆಯ ಫಲಕ ಎಷ್ಟು ದೊಡ್ಡದಾಗಿದ್ದರೂ ಅದನ್ನು ತಡೆಯುವುದಿಲ್ಲ. ಇದಕ್ಕೆ ಬಳಕೆಯಲ್ಲಿರುವ ಪರಿಹಾರವೆಂದರೆ ಬಾಗಿಲನ್ನು ಗೋಡೆಗೆ ವಿದ್ಯುತ್ಕಾಂತದಿಂದ ಹಿಡಿದಿಡುವುದು. ದಿನವಿಡೀ ಬಾಗಿಲು ತೆರೆದಿರುತ್ತದೆ, ನಿಧಾನಗಾಲಿ ಅವರಿಗೂ ಅಡ್ಡಿಯಿಲ್ಲ. ಬೆಂಕಿಯ ಎಚ್ಚರಿಕೆ ಗಂಟೆ ಮೊಳಗಿದಾಗಲೋ ವಿದ್ಯುತ್ ಹೋದಾಗಲೋ ಕಾಂತದ ಹಿಡಿತ ತಪ್ಪಿ ಬಾಗಿಲು ಮುಚ್ಚಿಕೊಳ್ಳುತ್ತದೆ. ನಕ್ಷೆಯ ಹಂತದಲ್ಲೇ ಅದಕ್ಕೆ ತಂತಿಯ ದಾರಿಯನ್ನು ತೋರಿಸಿಬಿಟ್ಟರೆ ಖರ್ಚು ಹೆಚ್ಚಲ್ಲ, ಗೋಡೆ ಎದ್ದ ಮೇಲೆ ಅಳವಡಿಸಹೊರಟರೆ ಮಾತ್ರ ದುಬಾರಿ. ಮತ್ತು ಅದನ್ನು ನಿಯತವಾಗಿ ಪರೀಕ್ಷಿಸುವ ಹೊಣೆ ಯಾರದು ಎಂಬುದನ್ನು ಕಟ್ಟಡ ಹಸ್ತಾಂತರಿಸುವ ಕಡತದಲ್ಲಿ ಬರೆದಿರಬೇಕು. ನಾನು ನೋಡಿದ ಹೆಚ್ಚಿನ ಕಡತಗಳಲ್ಲಿ ಆ ಜಾಗ ಖಾಲಿಯೇ ಇರುತ್ತದೆ.